ಒಂದು ಕೈಗೆ ಬಳೆ ತೊಡಿಸಿ ಎದ್ದ ರಸೂಲಕಾಕಾ

ಬಳೆ ಗೆಣ್ಣಿನ ಮೇಲೆ ಸಿಕ್ಕಿಕೊಂಡಾಗ ಯಾರೂ ಕೈ ಎಳೆದುಕೊಳ್ಳುವಂತಿಲ್ಲ. ನಾಗನೂರಿನ ಬಳೆಗಾರ ರಸೂಲಕಾಕಾ ಸರಿಯಾಗಿ ಆ ಹೊತ್ತಿಗೇ ಹೊಸ ಸೊಸೆಯಂದಿರನ್ನು ಕೇಳುತ್ತಿದ್ದರು: "ವೋಟರ್ ಲಿಸ್ಟಿನಾಗಿನ ಹೆಸರು ತವರಮನಿಯಿಂದ ಇಲ್ಲಿಗೆ ತಂದಿಯೇನವಾ?"

ಯಾರಿಗೆ ವೋಟು ಹಾಕುತ್ತೀ ಎಂದು ಮಾತ್ರ ಅವರು ಅಪ್ಪಿತಪ್ಪಿಯೂ ಕೇಳಿದವರಲ್ಲ. ಯಾರಾದರೂ ಹೇಳಹೊರಟರೆ, "ಅದು ನಿನ್ನ ಖುಷಿ. ನನ್ನ ಕಿವಿಗೆ ಹಾಕಬ್ಯಾಡ" ಎಂದು ಎಲೆಅಡಿಕೆಯ ಬಾಯಲ್ಲಿ ನಗುತ್ತಿದ್ದರು.

ನಾನು ಬೆಲ್ಲದ ಬಾಗೇವಾಡಿಯಿಂದ ಬಂದ ಸೊಸೆ. ಅಲ್ಲಿಯವರೆಗೆ ಒಮ್ಮೆಯೂ ವೋಟು ಹಾಕಿರಲಿಲ್ಲ, ಹಾಕುವ ಆಸೆ ಬಹಳವಿತ್ತು. ನನ್ನ ಬಸುರಿನ ಕುಬಸದ ದಿನ ಹಸಿರು ಬಳೆ ತೊಡಿಸಲು ಬಂದ ಕಾಕಾ ಅದೇ ಪ್ರಶ್ನೆ ಕೇಳಿದರು. ನನಗಿಂತ ಮೊದಲು ಅತ್ತೆಯೇ ಉತ್ತರಿಸಿದರು.

"ರೇಷನ್ ಕಾರ್ಡಿನಾಗ ಹೆಸರು ಹಾಕಿಸೇವಲ್ರಿ, ಸಾಕಲ್ಲ?"

"ಅದು ಅಕ್ಕಿ ಕೊಡತೈತ್ರಿ ಅಕ್ಕಾರ, ವೋಟ್ ಕೊಡಂಗಿಲ್ಲ. ಅರ್ಜಿ ಕೊಡಾಕ ಇವತ್ತ ಕಡೀ ದಿನ."

"ಕುಬಸದ ಮನಿ, ಇವತ್ತ ಯಾರಿಗೆ ಹೊತ್ತೈತ್ರಿ? ಮುಂದಿನ ಸಲ ನೋಡೋಣು."

ಕಾಕಾ ನನ್ನ ಎಡಗೈ ತುಂಬ ಬಳೆ ತೊಡಿಸಿದರು. ಬಲಗೈ ಚಾಚಿದೆ. ಅವರು ಬಳೆಯ ಗಂಟು ಕಟ್ಟಿ ಎದ್ದೇಬಿಟ್ಟರು.

"ಈ ಕೈ ಅರ್ಜಿ ಕೊಟ್ಟ ಮ್ಯಾಲೆ."

ಬಸುರಿ ಹೆಂಗಸು, ಆರತಿಯ ಹೊತ್ತು, ಒಂದು ಕೈ ಬರಿದು! ಅತ್ತೆ ಕಾಕಾನ ಮೇಲೆ ಹರಿಹಾಯ್ದರು, ಹಾಗೇ ನನ್ನ ಗಂಡನ ಮೇಲೂ. ಅರ್ಜಿ ತೆಗೆದುಕೊಳ್ಳುವ ಅಂಗನವಾಡಿ ಟೀಚರು ನಮ್ಮ ಕುಬಸಕ್ಕೇ ಬಂದು ಕೂತಿದ್ದರು. ಅವರನ್ನೇ ಅಂಗನವಾಡಿಗೆ ಕರೆದುಕೊಂಡು ಹೋಗಿ ಫಾರಂ ತಂದು, ನನ್ನಿಂದ ಸಹಿ ಹಾಕಿಸಿ, ಗಂಡ ಅರ್ಜಿ ಕೊಟ್ಟು ಬಂದರು. ಅಲ್ಲಿಯವರೆಗೆ ಕಾಕಾ ಕಟ್ಟೆಯ ಮೇಲೆ ಕೂತು ಆರಾಮಾಗಿ ಚಹಾ ಕುಡಿದರು.

ಆ ಚುನಾವಣೆಯಲ್ಲಿ ಏಳು ತಿಂಗಳ ಹೊಟ್ಟೆ ಹೊತ್ತು ಹೋಗಿ ವೋಟು ಹಾಕಿದೆ. ಎಷ್ಟು ಹಿಗ್ಗಾಗಿತ್ತೆಂದರೆ ಶಾಯಿ ಹಚ್ಚಿದ ಬೆರಳನ್ನು ದಿನವಿಡೀ ಕಂಡಕಂಡವರಿಗೆ ತೋರಿಸಿದೆ. ಅತ್ತೆಯೂ ಕಾಕಾನ ಮೇಲಿನ ಸಿಟ್ಟು ಮರೆತು ಹೋಳಿಗೆ ಕೊಟ್ಟು ಕಳಿಸಿದರು.

ಹೋದ ಚಳಿಗಾಲದಲ್ಲಿ ಕಾಕಾ ತೀರಿಕೊಂಡರು. ಈಗ ಮತ್ತೆ ಚುನಾವಣೆಯ ಸುದ್ದಿ ಎದ್ದಿದೆ. ಮೊನ್ನೆ ಅವರ ಹೆಂಡತಿ ಬಂದು ನನ್ನ ಕೈ ಹಿಡಿದುಕೊಂಡರು.

"ಲಿಸ್ಟಿನಾಗ ಇನ್ನೂ ಅವರ ಹೆಸರು ಐತೆವಾ. ತಗಸಾಕ ಅರ್ಜಿ ಬರಕೊಡು."

"ಇಷ್ಟ ಲಗೂ ಯಾಕ್ರಿ ಕಾಕು, ಇರಲಿ ಬಿಡ್ರಿ" ಎಂದೆ. ಅವರ ಹೆಸರು ಹೊಡೆದುಹಾಕಲು ನನಗೇ ಮನಸ್ಸಿರಲಿಲ್ಲ.

"ಬ್ಯಾಡವಾ. ಅವರ ಹೆಸರಿಲೆ ಬ್ಯಾರೆ ಯಾರರ ವೋಟ್ ಹಾಕಿಬಿಟ್ರ, ಅವರಿಗೆ ಮಣ್ಣಾಗೂ ನಿದ್ದಿ ಹತ್ತಂಗಿಲ್ಲ."

ಇಬ್ಬರೂ ಅಳುತ್ತಲೇ ನಕ್ಕೆವು. ಅಂದೇ ಹೋಗಿ ಅರ್ಜಿ ಕೊಟ್ಟುಬಂದೆವು.