ಬೀಜಕ್ಕೆ ಇಟ್ಟ ಗುಳ್ಳ

ನಾನು ಶಾಲೆ ಬಿಟ್ಟದ್ದು ೧೯೮೨ರಲ್ಲಿ, ಆರನೆಯ ತರಗತಿಯ ಅರ್ಧದಲ್ಲಿ. ಅಪ್ಪನಿಗೆ ಸೊಂಟ ಹಿಡಿದಿತ್ತು, ಗದ್ದೆಗೆ ಜನ ಬೇಕಿತ್ತು. ಅಂದಿನಿಂದ ಮಟ್ಟುವಿನಲ್ಲಿ ಗುಳ್ಳ ಬದನೆ ಬೆಳೆಯುತ್ತಾ ಬಂದಿದ್ದೇನೆ. ಉಡುಪಿಯ ಮಾರ್ಕೆಟಿನಲ್ಲಿ ನಾನು ಬುಟ್ಟಿಯ ಬಟ್ಟೆ ಸರಿಸುವ ಮೊದಲೇ ಗಿರಾಕಿಗಳು ಬಂದು ನಿಲ್ಲುತ್ತಿದ್ದರು. ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ಬೆನ್ನು ಬಗ್ಗಿಸಿ ಗಳಿಸಿದ ಹೆಸರು ಅದು.

ಗುಳ್ಳ ಬೆಳೆಯುವವನಿಗೆ ಬೀಜವೇ ಎಲ್ಲ. ಅಂಗಡಿಯ ಬೀಜ ಹಾಕಿದರೆ ಬದನೆ ಆಗುತ್ತದೆ, ಗುಳ್ಳ ಆಗುವುದಿಲ್ಲ. ಅದಕ್ಕೇ ಒಳ್ಳೆಯ ಗಿಡದ ಕೆಲವು ಕಾಯಿಗಳನ್ನು ಕೊಯ್ಯದೆ ಹಣ್ಣಾಗಲು ಬಿಡುತ್ತೇವೆ. ಹಳದಿಯಾದ ಮೇಲೆ ಕೊಯ್ದು, ಕೆಲವು ದಿನ ಮನೆಯೊಳಗೆ ತೂಗುಹಾಕಿ, ಆಮೇಲೆ ಬೀಜ ತೆಗೆದು ಬೂದಿ ಸೇರಿಸಿ ನೆರಳಲ್ಲಿ ಒಣಗಿಸುತ್ತೇವೆ. ಬೀಜ ಕಳೆದುಕೊಂಡವನು ಇನ್ನೊಬ್ಬನ ಬಾಗಿಲಿಗೆ ಹೋಗಬೇಕು. ಒಂದು ವರ್ಷ ನೆರೆಮನೆಯವನು ಹಾಗೆ ನನ್ನಲ್ಲಿಗೆ ಬಂದಿದ್ದ. ಕೊಟ್ಟೆ. ಕೊಡುವಾಗ, "ಬೀಜ ಇಟ್ಟುಕೊಳ್ಳಲಿಕ್ಕೆ ಆಗದವನಿಗೆ ಗುಳ್ಳ ಎಂತಕ್ಕೆ ಮಾರಾಯ? ಬೆಂಡೆ ಹಾಕು" ಎಂದೂ ಹೇಳಿದೆ. ಅವನು ಪೊಟ್ಟಣ ಮಡಚಿಕೊಂಡು ಹೋದ.

ಅದರ ಮರುವರ್ಷ, ೨೦೦೧ರಲ್ಲಿ, ನಾನು ಬೀಜಕ್ಕೆ ಬಿಟ್ಟ ಕಾಯಿಗಳಿಗೆ ಹುಳ ಬಿತ್ತು. ಉಳಿದದ್ದು ಒಂದೇ. ಒಂದು ಗುಳ್ಳದ ಬೀಜ ನನ್ನ ಗದ್ದೆಗೆ ಸಾಕು. ಅದನ್ನು ಚಾವಡಿಯಲ್ಲಿ ತೂಗುಹಾಕಿ ಬಂದವರಿಗೆಲ್ಲ ತೋರಿಸುತ್ತಿದ್ದೆ: "ಇದಕ್ಕಿಂತ ಒಳ್ಳೆಯ ಬೀಜ ಇಡೀ ಮಟ್ಟುವಿನಲ್ಲಿ ಇಲ್ಲ." ನಾಲ್ಕು ವರ್ಷದ ಮಗಳು ಅದನ್ನು ಕೇಳಿಸಿಕೊಳ್ಳುತ್ತಿದ್ದಳು.

ಅವಳು ಹೋಗುತ್ತಿದ್ದುದು ಊರಿನ ಅಂಗನವಾಡಿಗೆ. ಟೀಚರ್ ಅಲೆವೂರಿನವರು, ಬಸ್ಸಿನಲ್ಲಿ ಬರುತ್ತಿದ್ದರು. ಅಲ್ಲಿ ಬರೆಸುವುದು ಕಡಿಮೆ, ಆಡಿಸುವುದು ಹೆಚ್ಚು. ತೆಂಗಿನ ಚಿಪ್ಪಿನಲ್ಲಿ ಮರಳು ಅಳೆಯುವುದು, ಒಂದೇ ತರಹದ ಎಲೆ ಹುಡುಕಿ ಜೋಡಿಸುವುದು, ಮಣ್ಣು ಕಲಸಿ ಉಂಡೆ ಕಟ್ಟುವುದು. ನನಗೆ ಅದು ಸರಿ ಕಾಣುತ್ತಿರಲಿಲ್ಲ. "ಮಣ್ಣಲ್ಲಿ ಆಡಲಿಕ್ಕೆ ನಮ್ಮ ಗದ್ದೆಯೇ ಉಂಟಲ್ಲ, ಸ್ಲೇಟು ಹಿಡಿಸಲಿ" ಎಂದು ಹೆಂಡತಿಯ ಹತ್ತಿರ ಗೊಣಗುತ್ತಿದ್ದೆ.

ಒಂದು ಸಂಜೆ ಪಂಪು ಬಿಚ್ಚಿ ಕುಳಿತಿದ್ದಾಗ ಮಗಳು ಬಂದು, "ಅಪ್ಪ, ಟೀಚರ್ ನಾಳೆ ಒಳ್ಳೆ ಬೀಜ ತರ್ಲಿಕ್ಕೆ ಹೇಳಿದ್ದಾರೆ" ಎಂದಳು.

"ಮನೆಯಲ್ಲಿ ಉಂಟಲ್ಲ, ತಕೊಂಡು ಹೋಗು" ಎಂದೆ. ನನ್ನ ಮನಸ್ಸಿನಲ್ಲಿ ಇದ್ದದ್ದು ಅಡುಗೆಮನೆಯ ಹುಣಸೆಬೀಜ.

ಮರುದಿನ ಬೆಳಿಗ್ಗೆ ಗದ್ದೆಯಿಂದ ಬಂದಾಗ ಚಾವಡಿಯಲ್ಲಿ ಬರೀ ಹಗ್ಗ ನೇತಾಡುತ್ತಿತ್ತು. ಕೆಳಗೆ ಬೆಂಚು ಎಳೆದಿಟ್ಟಿತ್ತು. ಕಾಲಿನ ಕೆಸರೂ ತೊಳೆಯದೆ ಅಂಗನವಾಡಿಗೆ ಹೋದೆ.

ಚಾಪೆಯ ಮೇಲೆ ಮಕ್ಕಳು ಸಾಲಾಗಿ ಕುಳಿತಿದ್ದರು. ಒಬ್ಬೊಬ್ಬರ ಮುಂದೆಯೂ ಹಳೆಯ ಕ್ಯಾಲೆಂಡರಿನ ಹಾಳೆ, ಮಗುಚಿದ್ದು. ಮೈದಾ ಅಂಟು ಹಚ್ಚಿ ಬೀಜದಿಂದ ಚಿತ್ರ ಮಾಡುತ್ತಿದ್ದರು. ನನ್ನ ಗುಳ್ಳ ಬಾಳೆಲೆಯ ಮೇಲೆ ಎರಡು ಹೋಳಾಗಿ, ಖಾಲಿಯಾಗಿ ಬಿದ್ದಿತ್ತು; ಅದರ ಬೀಜ ಎಲ್ಲರ ಹಾಳೆಗೂ ಹಂಚಿಹೋಗಿತ್ತು.

"ಅಪ್ಪ, ಎಲ್ಲರಿಗಿಂತ ಒಳ್ಳೆ ಬೀಜ ನಾನೇ ತಂದದ್ದು" ಎಂದಳು ಮಗಳು.

ವಿಷಯ ಹೇಳಿದೆ. ಟೀಚರ್ ಒಂದು ಹಾಳೆಯ ಮೇಲೆ ಬೆರಳಿಟ್ಟು ನೋಡಿದರು. ಆಮೇಲೆ, "ಅಂಟು ಇನ್ನೂ ಹಸಿ ಉಂಟು, ನೀರಿಗೆ ಹಾಕಿದರೆ ಬೀಜ ಬಿಡ್ತದೆ. ಆದರೆ ಚಿತ್ರ ಅವರದ್ದು. ನಾನು ಕಿತ್ತು ಕೊಟ್ಟರೆ ನಾಳೆ ಒಬ್ಬರೂ ಕೈಯಲ್ಲಿ ಏನೂ ಮಾಡ್ಲಿಕ್ಕಿಲ್ಲ. ನೀವೇ ಕೇಳಿ" ಎಂದರು.

ಇಲ್ಲವಾದರೆ ನೆರೆಮನೆಯವನ ಬಾಗಿಲು. ನಾನು ಕೇಳಿದೆ.

"ಮಕ್ಕಳೇ, ಆ ಸಣ್ಣ ಬೀಜ ನಂಗೆ ಬೇಕು. ಗಿಡ ಮಾಡ್ಲಿಕ್ಕೆ."

"ನಿಮ್ಮ ಮನೇಲಿ ಇಲ್ವಾ?"

"ಇಲ್ಲ." ಆ ಮಾತನ್ನು ಬೀಜದ ವಿಷಯದಲ್ಲಿ ನಾನು ಅದುವರೆಗೆ ಹೇಳಿದವನಲ್ಲ.

"ನಮ್ಮಪ್ಪನ ಹತ್ರ ಬೇಕಾದಷ್ಟು ಉಂಟು. ಅಲ್ಲಿಗೆ ಹೋಗಿ" ಎಂದ ಒಬ್ಬ. ನೆರೆಮನೆಯವನ ಮಗ. ಟೀಚರ್ ಮುಖ ಆಚೆ ತಿರುಗಿಸಿ ನಕ್ಕರು.

"ಕೊಟ್ರೆ ಎಂತ ಕೊಡ್ತೀರಿ?" ಇನ್ನೊಬ್ಬಳು ಕೇಳಿದಳು.

ಹುಣಸೆಬೀಜ ಕೊಡುತ್ತೇನೆಂದೆ. ಕೊಟ್ಟರೆ ಸಾಲದು, ಹಾಳಾದ ಚಿತ್ರವನ್ನು ಅದರಲ್ಲಿ ಮೊದಲಿನ ಹಾಗೆ ಮಾಡಿಯೂ ಕೊಡಬೇಕಂತೆ. ಕೈಕಾಲು ತೊಳೆದು ಚಾಪೆಯ ಮೇಲೆ ಕುಳಿತೆ. ದಿನಕ್ಕೆ ನೂರಾರು ಸಸಿ ನೆಡುವ ಕೈ ನನ್ನದು. ಒಂದು ಸೂರ್ಯ ಉರುಟಾಗಿ ಬರಲಿಲ್ಲ.

"ಅಂಕಲ್‌ಗೆ ಬರುದಿಲ್ಲ" ಎಂದಳು ಆ ಸೂರ್ಯ ಮಾಡಿದ್ದವಳು. "ಮೊದಲು ಸುತ್ತ ಇಡ್ಬೇಕು, ಆಮೇಲೆ ಒಳಗೆ." ಅವಳು ಹೇಳಿದ ಹಾಗೆ ಇಟ್ಟೆ, ಸರಿಯಾಯಿತು. ಮಧ್ಯಾಹ್ನದ ಊಟದ ಹೊತ್ತಿಗೆ ಬಟ್ಟಲಿನ ನೀರಿನಲ್ಲಿ ಬೀಜ ಸೇರಿತ್ತು.

ಕೊಡದೆ ಉಳಿದವಳು ಒಬ್ಬಳು. ಅವಳ ತಂದೆತಾಯಿ ಬಾಗಲಕೋಟೆಯ ಕಡೆಯಿಂದ ರಸ್ತೆ ಕೆಲಸಕ್ಕೆ ಬಂದು ಶೆಡ್ಡಿನಲ್ಲಿ ಇದ್ದರು. ಅವಳು ಮೀನು ಮಾಡಿದ್ದಳು. ಗುಳ್ಳದ ಬೀಜ ಚಪ್ಪಟೆ, ಉರುಟು. ಒಂದರ ಮೇಲೊಂದು ಒತ್ತೊತ್ತಾಗಿ ಇಟ್ಟು ಮೀನಿನ ಮೈತುಂಬ ಪೊರೆ ಮಾಡಿದ್ದಳು. ಎಲ್ಲರಿಗಿಂತ ಹೆಚ್ಚು ಬೀಜ ಇದ್ದದ್ದು ಅವಳ ಹಾಳೆಯಲ್ಲೇ.

"ಇದು ನಂದೈತಿ. ಕೊಡಂಗಿಲ್ಲ."

"ಗುಳ್ಳ ಬೆಳೆಸಿ ಕೊಡ್ತೇನೆ ಮಗಾ."

"ಬ್ಯಾಡ. ತಗದ್ರ ಮೀನಿಗಿ ಥಂಡಿ ಆಕ್ಕೈತಿ."

ಮೀನನ್ನು ಹಾಗೇ ಬಿಟ್ಟೆ. ಬಟ್ಟಲು ಹಿಡಿದುಕೊಂಡು ಮನೆಗೆ ಬಂದೆ.

ಬೂದಿ ಹಾಕಿ ಒಣಗಿಸಿದ ಆ ಬೀಜ ಮಳೆ ಕಳೆದ ಮೇಲೆ ಚೆನ್ನಾಗಿಯೇ ಮೊಳೆಯಿತು. ಗದ್ದೆಯ ಮುಕ್ಕಾಲು ಭಾಗಕ್ಕೆ ಸಸಿ ಸಾಕಾಯಿತು. ಉಳಿದ ಕಾಲು ಭಾಗ ಖಾಲಿ ಬಿಟ್ಟೆ. ನೆರೆಮನೆಯವನು ಬೇಲಿಯ ಆಚೆಯಿಂದ, "ಮಕ್ಕಳ ಹತ್ತಿರ ಬೀಜ ಬೇಡಿದ್ಯಂತೆ ಮಾರಾಯ" ಎಂದ.

"ಹೌದು. ನೀನೂ ಹೋಗು, ಕೊಡ್ತಾರಾ ನೋಡು."

ಅವನು ನಕ್ಕ. ಮರುದಿನ ಅವನೇ ಒಂದು ಕಟ್ಟು ಸಸಿ ತಂದು ಬೇಲಿಯ ಬುಡದಲ್ಲಿ ಇಟ್ಟು ಹೋಗಿದ್ದ. ನಾನು ಕೊಟ್ಟ ಬೀಜದ್ದೇ ಸಂತತಿ. ತಂದು ನೆಟ್ಟೆ.

ಆಮೇಲೆ ಪ್ರತಿ ವರ್ಷ ಅಂಗನವಾಡಿಯ ಬೇಲಿಯೊಳಗೆ ಮಕ್ಕಳಿಂದಲೇ ಗುಂಡಿ ತೋಡಿಸಿ ಕೆಲವು ಸಸಿ ಇಡುತ್ತಾ ಬಂದೆ. ಸ್ಲೇಟಿನ ಮಾತು ಮತ್ತೆ ಎತ್ತಲಿಲ್ಲ. ರಸ್ತೆ ಕೆಲಸ ಮುಗಿದು ಆ ಹುಡುಗಿಯ ಮನೆಯವರು ಹೋದ ಮೇಲೂ ಮೀನು ಅಲ್ಲಿನ ಗೋಡೆಯ ಮೇಲೆ ಇತ್ತು. ಸುಣ್ಣ ಬಳಿಯುವ ವರ್ಷ ಟೀಚರ್ ಅದನ್ನು ಇಳಿಸಿ, "ನಿಮ್ಮ ಬೀಜ, ತಕೊಳ್ಳಿ" ಎಂದು ನನಗೆ ಕೊಟ್ಟರು. ಹಳೆಯ ಬೀಜ, ಬಿತ್ತಿದರೆ ಮೊಳೆಯುವಂಥದ್ದಲ್ಲ.

ಈಗ ನನ್ನಲ್ಲಿ ಇರುವುದು ಇಷ್ಟು: ಅರ್ಧ ಎಕರೆ ಗದ್ದೆ, ಒಂದು ಬಾವಿ, ಒಂದು ಪಂಪು, ಎರಡು ದನ, ಕಾಪುವಿನಲ್ಲಿ ಕಾಲೇಜು ಓದುವ ಒಬ್ಬ ಮಗಳು, ಚಾವಡಿಯಲ್ಲಿ ಬೀಜಕ್ಕೆ ತೂಗುಹಾಕಿದ ಮೂರು ಗುಳ್ಳ, ಅದರ ಪಕ್ಕದ ಗೋಡೆಯಲ್ಲಿ ಒಂದು ಮೀನು.