ಹಾಕಿಸದ ಸೂಜಿ

ಸುಮಾ, ನಿನಗೆ ದಡಾರದ ಸೂಜಿ ಹಾಕಿಸಿರಲಿಲ್ಲ. ಹಾಕಿಸಿಕೊಂಡು ಬಂದೆ ಎಂದು ನಾನು ಹೇಳಿದ್ದು ಸುಳ್ಳು. ನಿನ್ನ ಅಮ್ಮನಿಗೂ ಅದೇ ಸುಳ್ಳು, ಊರಿಗೂ ಅದೇ. ನಿನ್ನ ತಮ್ಮನೂ ಇದನ್ನು ಓದಲಿ.

ಆಗ ನೀನು ಒಂಬತ್ತು ತಿಂಗಳ ಕೂಸು. ಕಾಫಿ ಕೊಯ್ಲಿನ ಸಮಯ. ನಮ್ಮ ಸಣ್ಣ ತೋಟಕ್ಕೆ ಆಳು ಸಿಕ್ಕಿದ್ದೇ ಕಷ್ಟದಲ್ಲಿ. ಅವರ ಜೊತೆ ನಿಂತು ಹಣ್ಣು ಕೊಯ್ಯಲು ನಿನ್ನ ಅಮ್ಮ ಲಲಿತಾ ಹೋಗಲೇಬೇಕಿತ್ತು. ತಿಂಗಳಿಗೊಮ್ಮೆ ನರ್ಸಮ್ಮ ಊರ ಶಾಲೆಯ ಜಗಲಿಗೆ ಬಂದು ಮಕ್ಕಳಿಗೆ ಸೂಜಿ ಹಾಕುತ್ತಿದ್ದರು. "ಅತ್ತೆ, ಈ ಸಲ ನೀವೇ ಕರ್ಕೊಂಡು ಹೋಗಿ ಬನ್ನಿ," ಎಂದಳು ಲಲಿತಾ. ಅಷ್ಟೇ ಕೆಲಸ. ಹೋಗುವುದು, ಬರುವುದು.

ಆದರೆ ಹಾಕಿಸಿದ ಸೂಜಿಗಳನ್ನು ಬರೆದು ನರ್ಸಮ್ಮ ಕೊಟ್ಟಿದ್ದ ನಿನ್ನ ಕಾರ್ಡನ್ನು ನಾನು ಕಳೆದುಹಾಕಿದ್ದೆ. ಶಾಲೆಯ ಹತ್ತಿರ ಹೋಗುವಷ್ಟರಲ್ಲಿ ಅವರ ದನಿ — "ಕಾರ್ಡ್ ಎಲ್ಲಮ್ಮಾ? ಒಲೆಗೆ ಹಾಕ್ದ್ಯಾ? ಹೆರೋಕೆ ನೆನಪಿರ್ತದೆ, ಕಾರ್ಡ್ ತರೋಕೆ ನೆನಪಿರಲ್ಲ!" ಜಗಲಿಯಲ್ಲಿದ್ದವರೆಲ್ಲ ನಕ್ಕರು. ಬೈಸಿಕೊಂಡವಳು ಪಕ್ಕದ ಎಸ್ಟೇಟಿನ ಆಳು. ಅವಳೂ ನಕ್ಕು, ಮಗುವಿಗೆ ಸೂಜಿ ಹಾಕಿಸಿಕೊಂಡು ಹೋದಳು. ನನಗೆ ಮಾತ್ರ — ನಾಲ್ಕು ಜನರ ಮುಂದೆ ಬಾಯಿ ತೆರೆಯಲಾಗದ ನನಗೆ — ಕಾಲೇ ಮುಂದೆ ಹೋಗಲಿಲ್ಲ. ಹಿಂದಿನ ಸೂಜಿಗೆ ಜ್ವರ ಬಂದಿತ್ತು, ಬಿಸಿಲು ಜೋರಾಗಿದೆ, ಮುಂದಿನ ತಿಂಗಳು ಬಂದರಾಯಿತು — ದಾರಿಯುದ್ದಕ್ಕೂ ಸಬೂಬು ಪೋಣಿಸುತ್ತಾ ಮನೆಗೆ ಬಂದೆ.

"ಅತ್ತೆ, ಸೂಜಿ ಆಯ್ತಾ?"

"ಆಯ್ತು."

ಆಡಲು ಎಷ್ಟು ಸಲೀಸಾದ ಮಾತು! ಲಲಿತಾ ಸಂಜೆಯಿಡೀ ನಿನ್ನ ಹಣೆ ಮುಟ್ಟಿ ಮುಟ್ಟಿ ನೋಡಿದಳು. "ಈ ಸಲ ಜ್ವರಾನೇ ಬರ್ಲಿಲ್ಲ, ನಿಮ್ಮ ಕೈಗುಣ ಅತ್ತೆ," ಎಂದಳು. ಎಲ್ಲಿಂದ ಬಂದೀತು ಜ್ವರ! ಮುಂದಿನ ತಿಂಗಳಾದರೂ ಹೋಗಬಹುದಿತ್ತು. 'ಆಯ್ತು' ಎಂದ ಮೇಲೆ ಹೋಗುವುದು ಹೇಗೆ?

ಮರುವರ್ಷ ನಿನಗೆ ದಡಾರ ಬಂತು. ಬೇವಿನ ಸೊಪ್ಪು ಹಾಸಿ ಮಲಗಿಸಿದೆವು. ಮೈಮೇಲಿನ ಕೆಂಪು ಇಳಿಯಿತು, ಕಿವಿ ಸೋರತೊಡಗಿತು — ನಿನ್ನ ಎಡಗಿವಿ ಮತ್ತೆ ಕೇಳಲಿಲ್ಲ. ನಾಲ್ಕು ಮಾತಿನ ಬೈಗುಳಕ್ಕೆ ಹೆದರಿ ಒಂದು ಕಿವಿ ತೆತ್ತವರುಂಟೇ? ಅದೂ ನನ್ನದಲ್ಲದ ಕಿವಿ!

ನರ್ಸಮ್ಮ ಮನೆಗೇ ಬಂದರು. "ಈ ಮಗುಗೆ ನಾನು ದಡಾರದ ಸೂಜಿ ಹಾಕೇ ಇಲ್ಲ," ಎಂದರು.

ಲಲಿತಾ ಸಿಡಿದಳು. "ನಿಮ್ಮ ಔಷಧಿ ಸರಿ ಇಲ್ಲ ಅಂತ ಹೇಳಿ. ನಮ್ಮತ್ತೆ ಸುಳ್ಳು ಹೇಳೋರಲ್ಲ!"

ನಾನು ಅಡುಗೆಮನೆಯಲ್ಲಿ ಕಾಫಿ ಸೋಸುತ್ತಿದ್ದೆ. ಸೋಸಿ, ಲೋಟ ತಂದು ನರ್ಸಮ್ಮನ ಮುಂದಿಟ್ಟೆ. ಅವರು ನನ್ನ ಮುಖ ನೋಡಿದರು, ಕುಡಿಯದೆ ಎದ್ದುಹೋದರು.

ಅಲ್ಲಿಗೂ ಮುಗಿಯಲಿಲ್ಲ. "ಸೂಜಿ ಹಾಕ್ಸಿದ ಮಗುಗೇ ಹಿಂಗಾಯ್ತಂತೆ, ನಾವ್ಯಾಕೆ ಕೂಲಿ ಬಿಟ್ಟು ಹೋಗೋದು ಮಾರಾಯ್ತಿ?" ಎಂದು ಹೆಂಗಸರು ಮಾತಾಡಿಕೊಂಡರು. ಕೆಲವರು ಶಾಲೆಯ ಕಡೆ ಹೋಗುವುದನ್ನೇ ಬಿಟ್ಟರು. ಈ ಜನಕ್ಕೆ ತಿಳಿವಳಿಕೆಯೇ ಇಲ್ಲ ಎಂದು ನಿಮ್ಮಜ್ಜ ಗೊಣಗಿದಾಗ ನಾನೂ ತಲೆಯಾಡಿಸಿದೆ. ತಿಳಿವಳಿಕೆಯಂತೆ! ಅವರು ನಂಬಿದ್ದು ನನ್ನ ಮಾತನ್ನಲ್ಲವೇ?

ಮೊನ್ನೆ ನಿನ್ನ ಪಾಪುವಿನ ಸೂಜಿಯ ಮಾತು ಬಂದಾಗ ನೀನೂ ಅದನ್ನೇ ಅಂದೆ. "ನಂಗೆ ಹಾಕ್ಸಿದ್ರೂ ಬಂತಲ್ಲ ಅಜ್ಜಿ, ಮಗುಗೆ ಸುಮ್ನೆ ಯಾಕೆ ನೋವು?" ಆಗಲೂ ನಾನು — ಆಗಲೂ! — ತೊಟ್ಟಿಲು ತೂಗುತ್ತಲೇ ಇದ್ದೆ.

ಒಮ್ಮೆ ನಿನಗೆ ಹೇಳಿದ್ದೇನೆ, ಸುಮಾ. ಮದುವೆಯ ಹಿಂದಿನ ದಿನ ನಿನ್ನ ತಲೆಗೆ ಎಣ್ಣೆ ಹಚ್ಚುತ್ತಾ, ಮೆಲ್ಲಗೆ, ಎಲ್ಲವನ್ನೂ. "ಎಂಥ ಅಜ್ಜಿ?" ಎಂದು ತಿರುಗಿದೆ ನೀನು. "ಎಂಥದ್ದೂ ಇಲ್ಲ," ಎಂದೆ. ನಾನು ಕೂತದ್ದು ನಿನ್ನ ಎಡಕ್ಕೆ. ತಿಳಿದೇ ಕೂತಿದ್ದೆ.

ಲಲಿತಾಗೆ ಇದನ್ನು ನಾನೇ ಓದಿ ಹೇಳುತ್ತೇನೆ. ಅವಳು ಏನೆಂದರೂ ಅನ್ನಲಿ. ಪಾಪುವಿಗೆ ಸೂಜಿ ಹಾಕಿಸುವ ದಿನ ನಾನೂ ಬರುತ್ತೇನೆ. ನಿನಗೆ ದಡಾರ ಯಾಕೆ ಬಂತೆಂದು ಯಾರು ಕೇಳಿದರೂ, ಆಸ್ಪತ್ರೆಯ ತುಂಬ ಜನವಿದ್ದರೂ, ನಾನೇ ಹೇಳುತ್ತೇನೆ. ಆ ದಿನ ನಿನ್ನ ಬಲಕ್ಕೆ ಕೂರುತ್ತೇನೆ.