ತುಂಬದೆ ಹೊರಡದ ವ್ಯಾನು

ಹೋದ ತಿಂಗಳು ಇಂಡಿಯನ್ ಅಂಗಡಿಯ ಪಾರ್ಕಿಂಗ್ ಲಾಟಿನಲ್ಲಿ ನನ್ನ ಕಾರಿನ ಪಕ್ಕಕ್ಕೆ ಒಂದು ಹಳೆಯ ಬಿಳಿ ವ್ಯಾನು ಬಂದು ನಿಂತಿತು. ಹದಿನೈದು ಸೀಟಿನದು, ಮೈಮೇಲೆ ಯಾವುದೋ ಚರ್ಚಿನ ಹೆಸರು. ಯಾರೋ ಅದರ ಬಾಗಿಲು ಎಳೆದರು. ಬಿಸಿಲಿಗೆ ಕಾದ ರೆಕ್ಸಿನ್ ಸೀಟಿನ ವಾಸನೆ, ಅದರ ಜೊತೆಗೆ ಕಿತ್ತಳೆ ಸಿಪ್ಪೆಯ ವಾಸನೆ... ಕರಿಬೇವಿನ ಪೊಟ್ಟಣ ಹಿಡಿದು ನಿಂತಿದ್ದ ನನಗೆ ಇದ್ದಕ್ಕಿದ್ದಂತೆ ಸಿಟ್ಟು ಬಂತು. ಯಾರ ಮೇಲೆ ಎಂದು ಹೊಳೆಯುವುದಕ್ಕೆ ಒಂದು ಗಳಿಗೆ ಬೇಕಾಯಿತು. ಎದುರುಮನೆ ಅಂಕಲ್ ಮೇಲೆ. ಇಪ್ಪತ್ತೈದು ವರ್ಷ ಕಳೆದರೂ ಆ ಮನುಷ್ಯ ನನ್ನ ತಾಳ್ಮೆ ಪರೀಕ್ಷಿಸುವುದನ್ನು ಬಿಟ್ಟಿಲ್ಲವಲ್ಲ ಎಂದುಕೊಂಡೆ.

ತೊಂಬತ್ತರ ದಶಕದ ನಡುವಿನಲ್ಲಿ ನಾವು ಅಮೆರಿಕದ ಡರ್ಹಮ್‌ನಲ್ಲಿ ಒಂದು ಅಪಾರ್ಟ್‌ಮೆಂಟಿನಲ್ಲಿದ್ದೆವು. ನಮ್ಮವರಿಗೆ ರಿಸರ್ಚ್ ಟ್ರಯಾಂಗಲ್ ಪಾರ್ಕಿನಲ್ಲಿ ಕೆಲಸ, ನನಗೆ ಕೆಲಸ ಮಾಡುವ ವೀಸಾ ಇಲ್ಲ, ಮನೆಗೆ ಒಂದೇ ಕಾರು. ಎದುರುಮನೆಯ ಆಂಟಿ ಧಾರವಾಡದವರು, ಆಸ್ಪತ್ರೆಯಲ್ಲಿ ಡಾಕ್ಟರು. ಅಂಕಲ್ ಮಾತ್ರ ಅಸ್ಸಾಮಿನವರು. ಅಸ್ಸಾಮ್ ಎಂದು ನಾವು ಹೇಳಿದರೆ ಅವರು ಸುಮ್ಮನಿರುತ್ತಿರಲಿಲ್ಲ. ಉತ್ತರ ಕಾಚಾರ್ ಬೆಟ್ಟಗಳ ಜಿಲ್ಲೆ, ಊರು ಹಾಫ್ಲಾಂಗ್, ಜನ ದಿಮಾಸಾ ಎಂದು ಪೂರ್ತಿ ಹೇಳಿಸುತ್ತಿದ್ದರು. ಓದಲು ಧಾರವಾಡದ ಕೃಷಿ ಕಾಲೇಜಿಗೆ ಬಂದು, ಆಂಟಿಯನ್ನೂ ಕನ್ನಡವನ್ನೂ ಒಟ್ಟಿಗೆ ಸಂಪಾದಿಸಿಕೊಂಡು ಹೋದವರು. ನಮ್ಮ ಮೈಸೂರಿನವರ ಬಾಯಲ್ಲಿ ಅರ್ಧಕ್ಕರ್ಧ ಇಂಗ್ಲಿಷ್ ಉದುರುತ್ತಿದ್ದಾಗ ಈ ಚಪ್ಪಟೆ ಮೂಗಿನ ಅಂಕಲ್ "ಏನ್ರೀ, ಊಟಾ ಆತೇನು?" ಎಂದು ಗಟ್ಟಿಯಾಗಿ ಕೇಳುವುದನ್ನು ನೋಡಿ ಹೊಸಬರು ಬೆರಗಾಗುತ್ತಿದ್ದರು. ನಾವು ಹಳಬರು ಮೆಲ್ಲಗೆ ಅಲ್ಲಿಂದ ಜಾರಿಕೊಳ್ಳುತ್ತಿದ್ದೆವು, ಯಾಕೆಂದರೆ ಮುಂದಿನ ಮಾತು ಹಾಫ್ಲಾಂಗಿನದು ಎಂದು ಗೊತ್ತಿತ್ತು.

ಒಂದು ಚರ್ಚಿನವರು ಮಾರಿದ ಹಳೆಯ ವ್ಯಾನನ್ನು ಅವರು ಕೊಂಡಿದ್ದರು. ಮೈಮೇಲಿನ ಹೆಸರನ್ನು ಅಳಿಸಲಿಲ್ಲ. ಕಾರಿಲ್ಲದ ಹೆಂಗಸರು, ಯೂನಿವರ್ಸಿಟಿಯ ಹುಡುಗರು, ಊರಿಂದ ಬಂದ ಅಪ್ಪ ಅಮ್ಮಂದಿರು ಎಲ್ಲರಿಗೂ ಅದೇ ಗತಿ. ಭಾನುವಾರ ದೇವಸ್ಥಾನಕ್ಕೆ, ಆಮೇಲೆ ದಿನಸಿಗೆ. ಯೇಸುವಿನ ಹೆಸರು ಬರೆದ ವ್ಯಾನಿನಿಂದ ಪಂಚೆ ಉಟ್ಟವರು, ಕುಂಕುಮ ಇಟ್ಟವರು ಸಾಲಾಗಿ ಇಳಿದು ದೇವಸ್ಥಾನದ ಮೆಟ್ಟಿಲು ಹತ್ತುವುದನ್ನು ಕಂಡು ಅಕ್ಕಪಕ್ಕದ ಅಮೆರಿಕನ್ನರು ಏನೆಂದುಕೊಂಡರೋ...

ಅದೆಲ್ಲ ಉಪಕಾರವೇ, ಇಲ್ಲ ಎನ್ನುವುದಿಲ್ಲ. ಆದರೆ ವ್ಯಾನು ತುಂಬದೆ ಅವರು ಹೊರಡುತ್ತಿರಲಿಲ್ಲ. ಅವರ ಊರಿನಲ್ಲಿ ಜೀಪುಗಳು ಹಾಗೆಯೇ ಅಂತೆ, ಸೀಟು ಭರ್ತಿಯಾಗುವವರೆಗೆ ಸ್ಟ್ಯಾಂಡಿನಲ್ಲೇ ನಿಂತಿರುತ್ತವಂತೆ. ಅಲ್ಲಿ ಸರಿ. ಇಲ್ಲಿ ಅರ್ಧ ಗಂಟೆಯ ದಾರಿಗೆ ನಾವು ಬೆಳಿಗ್ಗೆ ಸ್ನಾನ ಮಾಡಿ ಸೀರೆಯುಟ್ಟು ಕುಳಿತು, ಬೆವರಿ, ಇನ್ನೊಮ್ಮೆ ಸ್ನಾನ ಮಾಡಬೇಕಾದ ಸ್ಥಿತಿ ಬರುವವರೆಗೆ ಕಾಯಬೇಕಿತ್ತು. "ಇನ್ನಿಬ್ಬರು ಬರ್ಲಿ ತಂಗಿ, ಹೊಂಟ ಬಿಡೂಣು" ಎನ್ನುತ್ತಾ ಅವರು ಒಂದೊಂದು ಮನೆಯ ಬಾಗಿಲು ಬಡಿಯುತ್ತಿದ್ದರು. ಯಾರೂ ಸಿಗದಿದ್ದರೆ ಮೇಲಿನ ಮನೆಯ ಚೀನೀ ಅಜ್ಜಿಯನ್ನು ಕರೆತಂದು ಕೂರಿಸುತ್ತಿದ್ದರು. ಎಲ್ಲಿಗೆ, ಯಾಕೆ ಎಂದು ಆ ಅಜ್ಜಿ ಒಂದು ದಿನವೂ ಕೇಳಲಿಲ್ಲ. ನಮ್ಮ ದೇವಸ್ಥಾನದ ಪುಳಿಯೋಗರೆಯನ್ನು ನನಗಿಂತ ಹೆಚ್ಚು ಸಲ ತಿಂದಿದ್ದಾಳೆ.

ಕಾಯುವಾಗ ನಮ್ಮ ಕೈಗೆ ಸುಲಿದ ಕಿತ್ತಳೆ, ಕಿವಿಗೆ ಹಾಫ್ಲಾಂಗ್. ನಮ್ಮ ಊರ ನಡುವೆಯೇ ಕೆರೆ ಐತಿ. ಪಕ್ಕದ ಹಳ್ಳಿ ಜಟಿಂಗಾದ ಕಿತ್ತಳೆ ತಿಂದವರು ಈ ಫ್ಲಾರಿಡಾದ್ದನ್ನು ಮೂಸಿಯೂ ನೋಡುವುದಿಲ್ಲ. ಮಾಯಿಬಾಂಗ್‌ನಲ್ಲಿ ನಮ್ಮ ರಾಜರ ಕಾಲದ್ದು, ಒಂದೇ ಬಂಡೆಯಲ್ಲಿ ಕಡೆದ ಮನೆ ನಿಂತಿದೆ. ಕೆಳಗೆ ಬಯಲಿನ ಲಮ್ಡಿಂಗ್‌ನಿಂದ ಪುಟ್ಟ ರೈಲು ಹತ್ತಿದರೆ ಸುರಂಗದಿಂದ ಸುರಂಗಕ್ಕೆ, ಕಿಟಕಿಯ ಹೊರಗೆ ಕೈ ಚಾಚಿದರೆ ಮೋಡ. ನಾಗಾ, ಕುಕಿ, ನೇಪಾಳಿ, ಬಂಗಾಳಿ ಎಲ್ಲರೂ ಸೇರಿ ಆಡುವ ಒಂದು ಹಿಂದಿ ಇದೆ, ಅದಕ್ಕೆ ವ್ಯಾಕರಣವೂ ಇಲ್ಲ, ನಾಚಿಕೆಯೂ ಇಲ್ಲ, ನಿನ್ನ ಮೈಸೂರು ಹಿಂದಿ ಅಲ್ಲಿ ಚೆನ್ನಾಗಿ ನಡೆಯುತ್ತದೆ ತಂಗಿ ಎಂದು ನನಗೊಂದು ಪ್ರಮಾಣಪತ್ರ ಬೇರೆ. ಒಮ್ಮೆ ಬ್ಲೂ ರಿಡ್ಜ್ ಬೆಟ್ಟಗಳಿಗೆ ಹೋದಾಗ ನಾವೆಲ್ಲ ಆಹಾ ಓಹೋ ಎನ್ನುತ್ತಿದ್ದರೆ ಅವರು ಸ್ಟೀರಿಂಗ್ ಹಿಡಿದು "ಹ್ಞೂಂ, ಇದನ್ನೂ ಗುಡ್ಡ ಅಂತಾರ" ಎಂದು ಎಲ್ಲರ ಸಂತೋಷಕ್ಕೂ ನೀರೆರಚಿದ್ದರು. ಯಾರಾದರೂ ಪತ್ರಿಕೆಯಲ್ಲಿ ಓದಿದವರು "ಜಟಿಂಗಾದಲ್ಲಿ ಹಕ್ಕಿಗಳು ಸೂಯಿಸೈಡ್ ಮಾಡ್ಕೊಳ್ತಾವಂತಲ್ಲ ಅಂಕಲ್?" ಎಂದು ಬಾಯಿ ಬಿಟ್ಟರೋ, ಮುಗಿಯಿತು. ಮಂಜಿನಲ್ಲಿ ದಾರಿ ತಪ್ಪಿದ ಹಕ್ಕಿ ಬೆಳಕಿದ್ದ ಕಡೆ ಬರುತ್ತದೆ, ನೀವೂ ಬರುತ್ತಿದ್ದಿರಿ ಎಂದು ದೇವಸ್ಥಾನ ಬರುವವರೆಗೆ ಬೈಗುಳ.

ಇಷ್ಟೆಲ್ಲ ಹೇಳುವ ಮನುಷ್ಯ ಊರಿಗೆ ಹೋಗಿ ಹತ್ತು ಹನ್ನೊಂದು ವರ್ಷವಾಗಿತ್ತು. ಅವರನ್ನು ಸಾಕಿದ ಅಕ್ಕ ಅಲ್ಲಿದ್ದರು. ಮುಂದಿನ ಸಲ ಬರುವಾಗ ಅಮೆರಿಕದಿಂದ ಒಂದು ಜೀಪು ತುಂಬ ಜನರನ್ನು ಕರೆತಂದು ನಿನ್ನ ಕೈಯಡುಗೆ ಉಣಿಸುತ್ತೇನೆ ಎಂದು ಆ ಅಕ್ಕನಿಗೆ ಮಾತು ಕೊಟ್ಟಿದ್ದರು. ಹಾಗಾಗಿ ಪ್ರತಿ ಡಿಸೆಂಬರಿನಲ್ಲಿ ಹತ್ತು ಜನರನ್ನು ಒಪ್ಪಿಸಲು ಹೊರಡುತ್ತಿದ್ದರು. ಪ್ರತಿ ಡಿಸೆಂಬರಿನಲ್ಲೂ ನಾವು ಕೈಕೊಡುತ್ತಿದ್ದೆವು. ಎಂಥೆಂಥ ಸಬೂಬುಗಳು! ಅಲ್ಲಿಗೆ ಪಾಸ್‌ಪೋರ್ಟ್ ಬೇಕಾ ಎಂದು ಒಬ್ಬರು ಕೇಳಿದ್ದರು. ಅಲ್ಲಿಂದ ತಿರುಪತಿಗೆ ಒಂದೇ ದಿನದಲ್ಲಿ ಹೋಗಿಬರಬಹುದಾ ಎಂದು ಇನ್ನೊಬ್ಬರು. ಜನ ಸೇರಲಿಲ್ಲ ಎಂದು ಅಂಕಲ್ ತಾವೂ ಹೋಗುತ್ತಿರಲಿಲ್ಲ. ಆಂಟಿ ಕರೆದರೂ ಇಲ್ಲ. ಇಬ್ಬರು ಅಂದರೆ ಗಾಡಿ ಖಾಲಿಯೇ ಅಂತೆ.

ಒಂದು ದೀಪಾವಳಿಗೆ ನನ್ನ ಪಿತ್ತ ನೆತ್ತಿಗೇರಿತು. ಪಕ್ಕದ ಊರು ರಾಲಿಯಲ್ಲಿ ಕನ್ನಡ ಸಂಘದ ಕಾರ್ಯಕ್ರಮ, ಆರು ವರ್ಷದ ಮಗಳ ಡ್ಯಾನ್ಸು ಮೊದಲನೆಯ ಐಟಮ್ಮು. ನಮ್ಮವರು ಆಫೀಸಿನ ಕೆಲಸಕ್ಕೆ ಅಟ್ಲಾಂಟಾಕ್ಕೆ ಹೋಗಿದ್ದರು. ಮಗಳಿಗೆ ಗೆಜ್ಜೆ ಕಟ್ಟಿ, ಜಡೆಗೆ ಕುಚ್ಚು ಹಾಕಿ ವ್ಯಾನಿನಲ್ಲಿ ಕೂರಿಸಿದೆ. ಅಂಕಲ್ ಇನ್ನೊಂದು ಸೀಟು ಖಾಲಿ ಎಂದು ಬಾಗಿಲು ಬಡಿಯುತ್ತಾ ಹೋದವರು ಬರಲೇ ಇಲ್ಲ. "ಅಮ್ಮಾ, ವೈ ಆರ್ ವಿ ನಾಟ್ ಗೋಯಿಂಗ್?" ಎಂದು ಮಗಳು ಅಳಲು ಶುರುಮಾಡಿದಳು. ಕೊನೆಗೆ ಚೀನೀ ಅಜ್ಜಿಯ ಜೊತೆ ಅವರು ಬಂದಾಗ ನಾನು ಎಲ್ಲರೆದುರಿಗೆ ಕೂಗಾಡಿದೆ.

"ಏನಂಕಲ್ ಇದು? ಒಂದು ಸೀಟು ಖಾಲಿ ಇದ್ರೆ ವ್ಯಾನ್ ಸ್ಟಾರ್ಟ್ ಆಗಲ್ವಾ? ಊರಿಗೂ ಅಷ್ಟೇ, ನಿಮ್ಮಕ್ಕ ಕಾಯ್ತಾ ಇದಾರೆ ಅಂತೀರಿ, ಒಬ್ರೇ ಹೋಗಿ ಬರೋಕ್ಕೇನು ಕಷ್ಟ ನಿಮಗೆ?"

ಅವರು ಸಿಟ್ಟಾಗಲಿಲ್ಲ. ವ್ಯಾನ್ ಸ್ಟಾರ್ಟ್ ಮಾಡಿ, ಹೈವೇ ಸೇರಿದ ಮೇಲೆ, ಕನ್ನಡಿಯಲ್ಲಿ ನನ್ನನ್ನು ನೋಡುತ್ತಾ ಹೇಳಿದರು.

"ನಮ್ಮಪ್ಪ ಸಾಲಿ ಇನ್‌ಸ್ಪೆಕ್ಟರ್ ಇದ್ದ ತಂಗಿ. ಒಂದು ಮಳಿಗಾಲದಾಗ ತಾನೊಬ್ಬನೇ ಜೀಪು ತಗೊಂಡು ಹಳ್ಳಿಗೆ ಹೋದ. ಬರೂವಾಗ ಗುಡ್ಡ ಜರೀತು. ಅಲ್ಲೇ ಉಳಕೊಂಡಾನ ಅಂತ ನಾವು ತಿಳಕೊಂಡ್ವಿ, ಮನಿ ಮುಟ್ಟ್ಯಾನ ಅಂತ ಆ ಹಳ್ಳಿಯವರು. ಹುಡುಕಾಕ ಹೋಗೂದರಾಗ ಎಲ್ಲಾ ಮುಗದಿತ್ತು. ತುಂಬಿದ ಗಾಡಿ ಬರೂದು ತಡ ಆತಂದ್ರ ಹತ್ತು ಮನಿಯವರು ಕಂದೀಲು ಹಿಡಕೊಂಡು ಹೊಂಡ್ತಾರ. ಒಬ್ಬನ ಹೋದ್ರ ಯಾರು ಹುಡುಕ್ತಾರ, ಹೇಳು?"

ನಾವು ತಲುಪುವಷ್ಟರಲ್ಲಿ ಡ್ಯಾನ್ಸು ತಪ್ಪಿಹೋಗಿತ್ತು. ಸಂಘದವರು ಪಾಪ ಎಂದು ಕೊನೆಯಲ್ಲಿ ಮಾಡಿಸಿದರು, ಅಷ್ಟು ಹೊತ್ತಿಗೆ ಮಗಳ ಕಾಡಿಗೆಯೆಲ್ಲ ಕೆನ್ನೆಗಿಳಿದಿತ್ತು. ಅವರ ಕಾರಣ ಗೊತ್ತಾಯಿತು, ಆದರೂ ನನ್ನ ಸಿಟ್ಟು ಪೂರ್ತಿ ಇಳಿಯಲಿಲ್ಲ. ಇದು ಕಾಚಾರ್ ಬೆಟ್ಟವೇ? ಇಲ್ಲಿ ದಾರಿ ತುಂಬ ದೀಪ, ಮೈಲಿಗೊಂದು ಪೊಲೀಸು. ಯಾರಿಗೆ ಹೇಳುವುದು!

ದಶಕದ ಕೊನೆಯ ವರ್ಷ ಮಾತ್ರ ಹತ್ತು ಜನ ಸೇರಿದೆವು. ನಾವು ಮೂವರೂ ಅದರಲ್ಲಿದ್ದೆವು. ನಾನು ನಿಜವಾಗಿ ಹೊರಟಿದ್ದೆ, ಸ್ವೆಟರು ಕೊಂಡಿದ್ದೆ. ಅಂಕಲ್ ಅಕ್ಕನಿಗೆ ಫೋನಿನಲ್ಲಿ ಒಬ್ಬೊಬ್ಬರ ಹೆಸರನ್ನೂ ಹೇಳಿ ಬಾಯಿಪಾಠ ಮಾಡಿಸಿದರು. ನಮ್ಮ ಉದ್ದುದ್ದ ಹೆಸರುಗಳು ಆ ತುದಿಯಲ್ಲಿ ಮುರಿದು ತುಂಡಾಗುವುದನ್ನು ಕೇಳಿ ನಾವು ನಗುತ್ತಿದ್ದೆವು. ಅಷ್ಟರಲ್ಲಿ ಶುರುವಾಯಿತು ನೋಡಿ, ಹೊಸ ವರ್ಷ ಹುಟ್ಟಿದ ಕೂಡಲೇ ಲೋಕದ ಕಂಪ್ಯೂಟರುಗಳೆಲ್ಲ ಕೆಟ್ಟು ಕೂರುತ್ತವೆ ಎಂಬ ಗುಲ್ಲು. ಆಫೀಸುಗಳಲ್ಲಿ ರಜೆಗಳೆಲ್ಲ ರದ್ದಾದವು. ನಮ್ಮವರ ಹೆಸರು ಮೊದಲನೆಯದು. ಒಂದು ಮನೆಯವರು ಬಿಟ್ಟ ಮೇಲೆ ಇನ್ನೊಂದು ಮನೆಯವರು, ಹೊರಡುವ ವಾರ ಕೊನೆಯ ಇಬ್ಬರೂ. ಆಂಟಿಗೂ ಆಸ್ಪತ್ರೆಯಲ್ಲಿ ರಜೆ ಸಿಗಲಿಲ್ಲ. ಅಂಕಲ್ ಈ ಸಲವೂ ನಿಲ್ಲುತ್ತಾರೆಂದುಕೊಂಡರೆ ಆಂಟಿ ಹಟ ಹಿಡಿದರು. ಅಕ್ಕನಿಗೆ ವಯಸ್ಸಾಯಿತು, ಇನ್ನು ಯಾವಾಗ ಎಂದರು. ನಾನೂ ದನಿಗೂಡಿಸಿದೆ. ನಮ್ಮವರೇ ಅವರನ್ನು ಏರ್‌ಪೋರ್ಟಿಗೆ ಬಿಟ್ಟುಬಂದರು. ದಾರಿಯುದ್ದಕ್ಕೂ ಅಂಕಲ್ ಹಿಂದೆ, ಪಕ್ಕದ ಖಾಲಿ ಸೀಟಿನ ಮೇಲೆ ಕೈಯಿಟ್ಟುಕೊಂಡು ಕೂತಿದ್ದರಂತೆ.

ಹೊಸ ವರ್ಷ ಬಂತು. ಒಂದು ಕಂಪ್ಯೂಟರೂ ಕೆಡಲಿಲ್ಲ. ನಲ್ಲಿಯೂ ನಿಂತುಹೋಗುತ್ತದೆಂದು ಹೆದರಿ ಸ್ನಾನದ ತೊಟ್ಟಿ ತುಂಬ ಹಿಡಿದಿಟ್ಟಿದ್ದ ನೀರನ್ನು ನಾನು ಬೈದುಕೊಳ್ಳುತ್ತಾ ಚೆಲ್ಲಿದೆ. ಅಂಕಲ್ ಹಿಂದಿರುಗಿದರು. ಹೇಗಿತ್ತು ಎಂದರೆ "ಛಲೋ ಆತು, ಅಕ್ಕಾಗ ಭಾಳ ಖುಷಿ ಆತು" ಎಂದಷ್ಟೇ ಹೇಳಿದರು. ಕೆರೆಯಿಲ್ಲ, ರೈಲಿಲ್ಲ, ಕಿತ್ತಳೆಯಿಲ್ಲ. ಸದ್ಯ, ಒಂದು ವರ್ಷಕ್ಕಾದರೂ ಕಿವಿಗೆ ವಿಶ್ರಾಂತಿ ಎಂದುಕೊಂಡೆ. ಅಷ್ಟು ಹೊತ್ತಿಗೆ ಎಲ್ಲರ ಮನೆಯಲ್ಲೂ ಎರಡೆರಡು ಕಾರು ಬಂದಿದ್ದವು, ನಾನೂ ಲೈಸೆನ್ಸ್ ತೆಗೆದುಕೊಂಡಿದ್ದೆ. ವ್ಯಾನು ತುಂಬುತ್ತಿರಲಿಲ್ಲ. ಅದನ್ನು ಮಾರಿ, ಆಂಟಿಗೆ ಕೆಲಸ ಸಿಕ್ಕಿತೆಂದು ಅವರು ಅಟ್ಲಾಂಟಾದ ಹತ್ತಿರದ ಅಲ್ಫರೆಟಾಕ್ಕೆ ಹೋದರು. ಮೊದಲು ದೀಪಾವಳಿಗೆ ಫೋನು, ಆಮೇಲೆ ಬರೀ ಮೆಸೇಜು, ಆಮೇಲೆ ಅದೂ...

ಅಂಗಡಿಯಿಂದ ಮನೆಗೆ ಬಂದವಳೇ ಆಂಟಿಗೆ ಫೋನ್ ಮಾಡಿದೆ. ಅಂಕಲ್ ತೀರಿಹೋಗಿ ಏಳು ತಿಂಗಳಾಗಿತ್ತು. ನಮಗೆ ಯಾರೂ ಹೇಳಿರಲಿಲ್ಲ. ಏನು ಮಾತಾಡಬೇಕೋ ತಿಳಿಯದೆ, ವ್ಯಾನು ನೋಡಿದೆ ಆಂಟಿ, ಊರಿಗೆ ಅವರ ಜೊತೆ ಬರಲೇ ಇಲ್ಲವಲ್ಲ ನಾವು ಎಂದೆ.

"ನಿಮಗ ಹೇಳಬ್ಯಾಡ ಅಂದಿದ್ರು. ಈಗ ಹೇಳ್ತೀನಿ ತಡಿ" ಎಂದರು ಆಂಟಿ.

ಆ ಡಿಸೆಂಬರಿನಲ್ಲಿ ರೈಲು ಓಡುತ್ತಿರಲಿಲ್ಲವಂತೆ. ಅಂಕಲ್ ಲಮ್ಡಿಂಗ್‌ನಿಂದ ಜೀಪಿನಲ್ಲಿ ಹೋದರು. ನಾವು ಬರುವುದಿಲ್ಲವೆಂದು ತಿಳಿಸಲು ಫೋನ್ ಲೈನು ಸಿಕ್ಕಿರಲಿಲ್ಲ. ಹೋಗಿ ನೋಡಿದರೆ ಅಕ್ಕ ಹತ್ತು ಜನಕ್ಕೆ ಅಡುಗೆ ಮಾಡಿ, ಕೇರಿಯವರಿಂದ ಹಾಸಿಗೆ ಹೊದಿಕೆ ಕಡ ತಂದು ಬಾಗಿಲಲ್ಲಿ ನಿಂತಿದ್ದಾರೆ. ಉಳಿದವರೆಲ್ಲಿ ಎಂದು ಕೇಳಿದಾಗ ಅಂಕಲ್‌ಗೆ ನಿಜ ಹೇಳಲು ಬಾಯಿ ಬರಲಿಲ್ಲ. ಹಿಂದಿನ ಜೀಪಿನಲ್ಲಿ ಬರುತ್ತಿದ್ದಾರೆ ಎಂದುಬಿಟ್ಟರು. ಒಂದು ಗಳಿಗೆ ಸುಧಾರಿಸಿಕೊಂಡು ಹೇಳೋಣ ಎಂದಿರಬೇಕು. ಆ ಕಡೆ ಚಳಿಗಾಲದಲ್ಲಿ ನಾಲ್ಕೂವರೆ ಐದಕ್ಕೆಲ್ಲ ಕತ್ತಲು. ಕತ್ತಲಾಯಿತು, ಜೀಪು ಬರಲಿಲ್ಲ. ಇವರು ಬಾಯಿ ಬಿಡುವಷ್ಟರಲ್ಲಿ ಅಕ್ಕ ಹೊರಗೆ ಹೋಗಿ ಕೂಗು ಹಾಕಿದ್ದರು, ಕೇರಿಯ ಮನೆಮನೆಯಿಂದ ಜನ ಟಾರ್ಚು, ಕಂದೀಲು, ಹಗ್ಗ ಹಿಡಿದು ಇಳಿಯುವ ದಾರಿಗೆ ಹೊರಟಿದ್ದರು.

"ತಿರುವಿಗೊಮ್ಮೆ ನಿಂತು ಕಣಿವಿ ಕಡೆ ಮುಖ ಮಾಡಿ ನಿಮ್ಮ ಹೆಸರು ಕೂಗಿದ್ರಂತ. ನಿಂದು, ನಿನ್ನ ಗಂಡಂದು, ಮಗಳದು, ಎಲ್ಲಾರದೂ. ಅಕ್ಕಾಗ ಬಾಯಿಪಾಠ ಇತ್ತಲ್ಲ."

ಎರಡನೆಯ ತಿರುವಿನಲ್ಲಿ ಅಂಕಲ್ ರಸ್ತೆಯ ಮೇಲೆ ಕುಸಿದು ಕೂತು ನಿಜ ಹೇಳಿದರಂತೆ. ಯಾರೂ ಬಂದಿಲ್ಲ, ಎಲ್ಲರೂ ಅಮೆರಿಕದಲ್ಲೇ ಇದ್ದಾರೆ, ನಾನು ಒಬ್ಬನೇ ಬಂದೆ. ಅಷ್ಟು ಜನರ ಮುಂದೆ. ಯಾರಾದರೂ ಬೈದರೇ ಎಂದು ಕೇಳಿದೆ.

"ಇಲ್ಲವ್ವಾ. ಅಕ್ಕ ಅಲ್ಲೇ ಅಳಾಕ ಹತ್ತಿದ್ಲಂತ. ಯಾರೂ ಸತ್ತಿಲ್ಲಲ್ಲ, ಸಾಕು ಅಂದ್ಲಂತ. ಆಮ್ಯಾಲ ಹುಡುಕಾಕ ಬಂದವರನ್ನೆಲ್ಲಾ ಕರಕೊಂಡು ಹೋಗಿ ಆ ಅಡಗಿ ಉಣಿಸಿದ್ಲು."

ಆ ಅಕ್ಕ ಎರಡು ವರ್ಷಕ್ಕೆ ತೀರಿಕೊಂಡರಂತೆ. ಫೋನಿಟ್ಟ ಮೇಲೆ ನಾನು ಬಹಳ ಹೊತ್ತು ಅಡುಗೆಮನೆಯಲ್ಲೇ ನಿಂತಿದ್ದೆ. ಮೊದಲು ಬಂದದ್ದು ಮತ್ತೆ ಅದೇ ಸಿಟ್ಟು. ಇಷ್ಟು ದೊಡ್ಡದನ್ನು ಹೊಟ್ಟೆಯಲ್ಲಿಟ್ಟುಕೊಂಡು ಛಲೋ ಆತು ಎಂದರಲ್ಲ, ಆಗಲೇ ನಮ್ಮ ಮುಖಕ್ಕೆ ಹೇಳಿ ಬೈದಿದ್ದರೆ ಅವರ ಗಂಟೇನು ಹೋಗುತ್ತಿತ್ತು? ಮುಂದಿನ ವರ್ಷವೇ ಹೋಗುತ್ತಿದ್ದೆವು. ಹೋಗುತ್ತಿದ್ದೆವೋ ಇಲ್ಲವೋ... ಅವರ ವಿಷಯದಲ್ಲಿ ನಮ್ಮನ್ನು ನಂಬುವುದು ಕಷ್ಟ. ಆಮೇಲೆ ಅಳು ಬಂತು, ಅತ್ತೆ. ಇಪ್ಪತ್ತೈದು ವರ್ಷದಿಂದ ಈ ದೇಶದ ರಸ್ತೆಗಳಲ್ಲಿ ಒಬ್ಬಳೇ ಕಾರು ಓಡಿಸಿಕೊಂಡು ಹೋಗುತ್ತೇನೆ, ಬರುತ್ತೇನೆ. ನನ್ನ ಮುಖ ಕೂಡ ಕಾಣದವರು ನನ್ನ ಹೆಸರು ಕೂಗುತ್ತಾ ಕತ್ತಲಲ್ಲಿ ಬೆಟ್ಟ ಇಳಿದದ್ದು ಅದೊಂದೇ ಸಂಜೆ. ಆಗ ನಾನು ಇಲ್ಲಿ ಸ್ನಾನದ ತೊಟ್ಟಿಗೆ ನೀರು ತುಂಬಿಸುತ್ತಿದ್ದೆ.